ಆರು ಲೈನು, ಹದಿನೈದು ಜೋಡಿ

ಕನ್ನಡದಲ್ಲಿ 'ಸರಾಸರಿ' ಎಂಬ ಮಾತು ಕೇಳಿದಾಗಲೆಲ್ಲ ನನಗೆ ನಮ್ಮ ಮನೆಯ ಇನ್ನೊಂದು ಮಾತು ನೆನಪಾಗುತ್ತದೆ. ಸರಾಸರಿಗೆ ಉರ್ದುವಿನಲ್ಲಿ 'ಔಸತ್' ಎನ್ನುತ್ತೇವೆ. ಆದರೆ 'ಸರ್‌ಸರಿ' ಎಂಬ ಪದವೂ ಉರ್ದುವಿನಲ್ಲಿದೆ. 'ಸರ್‌ಸರಿ ನಜರ್' ಎಂದರೆ ಅವಸರದಲ್ಲಿ ಮೇಲ್ಮೇಲೆ ಹಾಯಿಸಿದ ನೋಟ. ಸರಾಸರಿ, ಸರ್‌ಸರಿ ಎರಡೂ ಕಿವಿಗೆ ಹತ್ತಿರ, ಅರ್ಥ ಮಾತ್ರ ದೂರ. ಆದರೆ ಜನ ಸರಾಸರಿಗಳನ್ನು ಹೋಲಿಸುವ ರೀತಿ ನೋಡಿದರೆ ಬಹಳ ಸಲ ಎರಡೂ ಒಂದೇ ಆಗಿಬಿಡುತ್ತವೆ. ಯಾರದು ಹೆಚ್ಚು, ಯಾರದು ಕಡಿಮೆ ಎಂದು ಕಣ್ಣು ಹಾಯಿಸುತ್ತಾರೆ, ಕಡಿಮೆ ಇದ್ದವರ ಮೇಲೆ ಒಂದು ಮಾತು ಹೇಳುತ್ತಾರೆ, ಮುಂದೆ ಹೋಗುತ್ತಾರೆ.

ನಾನು ದ್ವಿತೀಯ ಪಿಯುಸಿಯಲ್ಲಿ ಸ್ಟ್ಯಾಟಿಸ್ಟಿಕ್ಸ್ ತೆಗೆದುಕೊಂಡಿರುವ ಕಾಮರ್ಸ್ ವಿದ್ಯಾರ್ಥಿನಿ. ಎರಡು ಗುಂಪುಗಳ ಸರಾಸರಿಯಲ್ಲಿ ಕಾಣುವ ವ್ಯತ್ಯಾಸ ನಿಜವಾದದ್ದೋ, ಆಕಸ್ಮಿಕವೋ ಎಂದು ಪರೀಕ್ಷಿಸುವುದನ್ನು ನಮಗೆ ಪಾಠದಲ್ಲಿ ಹೇಳಿಕೊಡುತ್ತಾರೆ. ಆದರೆ ಮೂರು, ನಾಲ್ಕು, ಆರು ಗುಂಪುಗಳಿದ್ದರೆ ಏನು ಮಾಡಬೇಕು? ಅದು ನಮ್ಮ ಸಿಲಬಸ್‌ನಲ್ಲಿಲ್ಲ, ಡಿಗ್ರಿಗೆ ಹೋದ ಮೇಲೆ ಬರುತ್ತದೆ. ನನಗೆ ಅದು ಮನೆಯಲ್ಲೇ ಬೇಕಾಯಿತು. ಆದ್ದರಿಂದ ಈ ವರ್ಷ ಸಿಲಬಸ್‌ನ ಆಚೆ ಹೋಗಿ ಅದನ್ನು ಕಲಿತೆ. ಲೆಕ್ಕ ಎಂದರೆ ಭಯಪಡುವ ಗೆಳತಿಯರೂ ಇದನ್ನು ಓದಬಹುದು. ಕೂಡುವುದು, ಕಳೆಯುವುದು, ಗುಣಿಸುವುದು, ಭಾಗಿಸುವುದು ಗೊತ್ತಿದ್ದರೆ ಸಾಕು.

ನನ್ನ ಅಮ್ಮಿ ಗಾರ್ಮೆಂಟ್ಸ್‌ನಲ್ಲಿ ಟೈಲರ್. ಬೆಳಿಗ್ಗೆ ಏಳೂವರೆಗೆ ಕಂಪನಿಯ ಬಸ್ಸು ಹತ್ತಿದರೆ ಮನೆಗೆ ಬರುವಾಗ ಮಗ್ರಿಬ್ ಆಗಿರುತ್ತದೆ. ಅವರ ಹಾಲ್‌ನಲ್ಲಿ ಆರು ಲೈನುಗಳಿವೆ. ಲೈನ್ ಎಂದರೆ ಸಾಲಾಗಿ ಇಟ್ಟ ಮಷೀನುಗಳು. ಒಬ್ಬರು ಕಾಲರ್ ಹಾಕಿದರೆ ಮುಂದಿನವರು ತೋಳು ಜೋಡಿಸುತ್ತಾರೆ, ಅದರ ಮುಂದಿನವರು ಸೈಡ್ ಹೊಲಿಯುತ್ತಾರೆ. ಕೊನೆಗೆ ಪೂರ್ತಿ ಬಟ್ಟೆ ಹೊರಗೆ ಬರುತ್ತದೆ. ಯಾವ ಲೈನ್ ಎಷ್ಟು ಪೀಸ್ ಮಾಡಿತು ಎಂದು ದಿನವೂ ಬೋರ್ಡಿನ ಮೇಲೆ ಬರೆಯುತ್ತಾರೆ. ಶನಿವಾರ ವಾರದ ಸರಾಸರಿ ತೆಗೆಯುತ್ತಾರೆ. ಕೊನೆಯಲ್ಲಿ ಬಂದ ಲೈನಿನವರನ್ನು ಎಲ್ಲರ ಎದುರು ನಿಲ್ಲಿಸಿ ಸೂಪರ್‌ವೈಸರ್ ಬೈಯುತ್ತಾರೆ.

ಒಂದು ಶನಿವಾರ ಅಮ್ಮಿಯ ಲೈನ್ ಕೊನೆಗೆ ಬಂತು. ಅಮ್ಮಿ ಅಳಲಿಲ್ಲ, ಸಿಟ್ಟಾಗಲೂ ಇಲ್ಲ. ಊಟ ಬಡಿಸುತ್ತಾ ಒಂದು ಪ್ರಶ್ನೆ ಕೇಳಿದರು: "ಬೇಟಿ, ನೀನು ಲೆಕ್ಕ ಓದುತ್ತೀಯಲ್ಲ, ಹೇಳು. ಆರು ಜನರನ್ನು ಸಾಲಾಗಿ ನಿಲ್ಲಿಸಿದರೆ ಯಾರಾದರೂ ಒಬ್ಬರು ಕೊನೆಗೆ ಇದ್ದೇ ಇರುತ್ತಾರೆ. ಹಾಗಂತ ಅವರು ಕೆಲಸಗಳ್ಳರಾ?"

ನಮ್ಮ ಆಪಾ ಬಿ.ಎಸ್ಸಿ. ಕೊನೆಯ ವರ್ಷದಲ್ಲಿದ್ದಾಳೆ, ಸ್ಟ್ಯಾಟಿಸ್ಟಿಕ್ಸ್ ಅವಳ ವಿಷಯ. "ಆರು ಲೈನುಗಳನ್ನು ಎರಡೆರಡಾಗಿ ತೆಗೆದುಕೊಂಡು ನಮ್ಮ ಟಿ ಪರೀಕ್ಷೆಯನ್ನೇ ಮಾಡಬಹುದಲ್ಲ?" ಎಂದು ಕೇಳಿದೆ. "ಎಷ್ಟು ಜೋಡಿ ಆಗುತ್ತವೆ, ಎಣಿಸು" ಎಂದಳು. ಮೊದಲನೆಯ ಲೈನಿಗೆ ಐದು ಜೋಡಿ, ಎರಡನೆಯದಕ್ಕೆ ಇನ್ನು ನಾಲ್ಕು, ಆಮೇಲೆ ಮೂರು, ಎರಡು, ಒಂದು. ಒಟ್ಟು 15. "ಪ್ರತಿ ಪರೀಕ್ಷೆಗೂ 5% ಸಾರ್ಥಕತಾ ಮಟ್ಟ ಇಟ್ಟುಕೊಳ್ಳುತ್ತೀಯಲ್ಲ, ಅದರ ಅರ್ಥ ಏನು?" ಎಂದು ಮತ್ತೆ ಕೇಳಿದಳು.

ಅದರ ಅರ್ಥ ನಮ್ಮ ಪುಸ್ತಕದಲ್ಲೇ ಇದೆ. ನಿಜಕ್ಕೂ ವ್ಯತ್ಯಾಸ ಇಲ್ಲದಿದ್ದರೂ 'ವ್ಯತ್ಯಾಸ ಇದೆ' ಎಂದು ತಪ್ಪಾಗಿ ಹೇಳುವ ಸಾಧ್ಯತೆ 100ಕ್ಕೆ 5. ಒಂದೇ ಜೋಡಿಯನ್ನು ಪರೀಕ್ಷಿಸುವಾಗ ಇದು ಸಣ್ಣ ಅಪಾಯ. ಸರಿಯಾಗಿ ಹೇಳುವ ಸಾಧ್ಯತೆ 0.95. ಹದಿನೈದು ಜೋಡಿಗಳಲ್ಲೂ ಸರಿಯಾಗಿ ಹೇಳಬೇಕಾದರೆ 0.95 ಅನ್ನು ಹದಿನೈದು ಸಲ ಗುಣಿಸಬೇಕು. ಕ್ಯಾಲ್ಕುಲೇಟರ್‌ನಲ್ಲಿ ಒತ್ತಿ ನೋಡಿದೆ, 0.46 ಬಂತು. ಅಂದರೆ ಆರೂ ಲೈನುಗಳು ನಿಜಕ್ಕೂ ಸರಿಸಮ ಇದ್ದರೂ, ಎಲ್ಲೋ ಒಂದು ಜೋಡಿಯಲ್ಲಿ ಇಲ್ಲದ ವ್ಯತ್ಯಾಸವನ್ನು 'ಕಂಡುಹಿಡಿಯುವ' ಸಾಧ್ಯತೆ ಸುಮಾರು 54%. ಒಂದೇ ಲೈನ್ ಐದು ಜೋಡಿಗಳಲ್ಲಿ ಬರುವುದರಿಂದ ಈ ಜೋಡಿಗಳು ಪೂರ್ತಿ ಬೇರೆಬೇರೆ ಅಲ್ಲ. ಹಾಗಾಗಿ ನಿಜವಾದ ಅಂಕಿ ಇದಕ್ಕಿಂತ ಕಡಿಮೆ ಇರುತ್ತದೆ. ಆದರೂ 5%ಕ್ಕಿಂತ ಬಹಳ ಮೇಲೆಯೇ ಇರುತ್ತದೆ.

ಕನ್ನಡದಲ್ಲಿ 'ಮೊಸರಲ್ಲಿ ಕಲ್ಲು ಹುಡುಕುವುದು' ಎನ್ನುತ್ತಾರೆ. ನನಗೆ ಅದೇ ನೆನಪಾಯಿತು. ಹುಡುಕುತ್ತಲೇ ಹೋದರೆ ಕಲ್ಲಿಲ್ಲದ ಮೊಸರಲ್ಲೂ ಕಲ್ಲು ಸಿಕ್ಕಿತು ಎಂದು ಲೆಕ್ಕವೇ ಹೇಳಿಬಿಡುತ್ತದೆ.

ಆಪಾ ನಗುತ್ತಾ ಒಂದು ಮೀನಿನ ಕಥೆ ಹೇಳಿದಳು. ಕಥೆಯಲ್ಲ, ನಿಜವಾಗಿ ನಡೆದದ್ದು. ಅಮೆರಿಕದ ಕೆಲವು ಸಂಶೋಧಕರು ಒಂದು ಸತ್ತ ಸಾಲ್ಮನ್ ಮೀನನ್ನು ಮೆದುಳಿನ ಸ್ಕ್ಯಾನಿಂಗ್ ಯಂತ್ರದಲ್ಲಿ ಇಟ್ಟರು. ಮನುಷ್ಯರ ಚಿತ್ರಗಳನ್ನು ತೋರಿಸಿ, ಚಿತ್ರದಲ್ಲಿರುವವರ ಮನಸ್ಸಿನಲ್ಲಿ ಏನಿದೆ ಹೇಳು ಎಂದು ಮೀನಿಗೆ ಪ್ರಶ್ನೆ ಹಾಕಿದರು. ಯಂತ್ರ ಮೆದುಳನ್ನು ಸಾವಿರಾರು ಸಣ್ಣ ಚೌಕಗಳಾಗಿ ಭಾಗಿಸಿ ಒಂದೊಂದನ್ನೂ ಬೇರೆಯಾಗಿ ಪರೀಕ್ಷಿಸುತ್ತದೆ. ಅಷ್ಟು ಪರೀಕ್ಷೆಗಳಲ್ಲಿ ಕೆಲವು ಚೌಕಗಳಲ್ಲಿ 'ಚಟುವಟಿಕೆ ಇದೆ' ಎಂದು ಬಂದೇ ಬಂತು! ಎಷ್ಟು ಪರೀಕ್ಷೆ ಮಾಡಿದ್ದೇವೆ ಎಂಬುದನ್ನು ಲೆಕ್ಕಕ್ಕೆ ಹಿಡಿದು ತಿದ್ದಿದಾಗ ಒಂದೂ ಉಳಿಯಲಿಲ್ಲ. 2009ರಲ್ಲಿ ಅವರು ಇದನ್ನು ಮಂಡಿಸಿದರು. 2012ರಲ್ಲಿ ಇದಕ್ಕೆ ಇಗ್ ನೊಬೆಲ್ ಎಂಬ ತಮಾಷೆಯ ಬಹುಮಾನವೂ ಬಂತು. ಅಮ್ಮಿಗೆ ಇದನ್ನು ಹೇಳಿದಾಗ, "ಸತ್ತ ಮೀನಿಗೂ ಬೈಗುಳ ತಪ್ಪಲಿಲ್ಲ ಅನ್ನು" ಎಂದರು.

ಹಾಗಾದರೆ ಸರಿಯಾದ ದಾರಿ ಯಾವುದು? ಮೊದಲು ಒಂದೇ ಪ್ರಶ್ನೆ ಕೇಳಬೇಕು: ಎಲ್ಲ ಗುಂಪುಗಳೂ ಸಮವೇ, ಅಲ್ಲವೇ? ಇದನ್ನು ಒಂದೇ ಪರೀಕ್ಷೆಯಲ್ಲಿ ಕೇಳುವ ವಿಧಾನವೇ ಅನಾಲಿಸಿಸ್ ಆಫ್ ವೇರಿಯನ್ಸ್, ಚಿಕ್ಕದಾಗಿ ಅನೋವಾ. ಇದನ್ನು ರೂಪಿಸಿದವರು ರೊನಾಲ್ಡ್ ಫಿಶರ್. 1919ರಲ್ಲಿ ಅವರು ಇಂಗ್ಲೆಂಡಿನ ರಾಥಮ್‌ಸ್ಟೆಡ್ ಎಂಬ ಕೃಷಿ ಸಂಶೋಧನಾ ಕೇಂದ್ರಕ್ಕೆ ಸೇರಿದರು. ಹೊಲದ ಒಂದೊಂದು ತುಂಡಿಗೆ ಒಂದೊಂದು ಗೊಬ್ಬರ ಹಾಕಿದಾಗ ಯಾವುದರಿಂದ ಬೆಳೆ ಹೆಚ್ಚಾಯಿತು ಎಂಬಂಥ ಪ್ರಶ್ನೆಗಳು ಅಲ್ಲಿ ದಿನವೂ ಇದ್ದವು. 1925ರಲ್ಲಿ ಬಂದ ಅವರ ಪುಸ್ತಕದಿಂದ ಈ ವಿಧಾನ ಎಲ್ಲ ಕಡೆ ಹರಡಿತು. ಇದೇ ಫಿಶರ್ ಮಾರ್ಗದರ್ಶನದಲ್ಲಿ ಕೇಂಬ್ರಿಜ್‌ನಲ್ಲಿ ಪಿಎಚ್.ಡಿ. ಮಾಡಿದವರು ಸಿ. ಆರ್. ರಾವ್. ಅವರು 1920ರಲ್ಲಿ ಹುಟ್ಟಿದ್ದು ನಮ್ಮ ಕರ್ನಾಟಕದ ಹೂವಿನ ಹಡಗಲಿಯಲ್ಲಿ. ಇದು ತಿಳಿದ ಮೇಲೆ ಈ ವಿಷಯ ನನಗೆ ಅಷ್ಟೊಂದು ದೂರದ್ದು ಅನ್ನಿಸಲಿಲ್ಲ.

ಲೆಕ್ಕವನ್ನು ಒಂದು ಸಣ್ಣ ಉದಾಹರಣೆಯಲ್ಲಿ ತೋರಿಸುತ್ತೇನೆ. ಇವು ಅಮ್ಮಿಯ ಹಾಲ್‌ನ ಅಂಕಿಗಳಲ್ಲ, ಲೆಕ್ಕ ಸುಲಭವಾಗಲಿ ಎಂದು ನಾನೇ ಜೋಡಿಸಿಕೊಂಡದ್ದು. ನಾಲ್ಕು ಲೈನುಗಳು, ಐದು ದಿನ, ಗಂಟೆಗೆ ಎಷ್ಟು ಪೀಸ್ ಎಂದಿಟ್ಟುಕೊಳ್ಳೋಣ.

ಮೊದಲ ಲೈನ್: 58, 61, 57, 63, 61. ಸರಾಸರಿ 60.
ಎರಡನೇ ಲೈನ್: 59, 61, 55, 61, 59. ಸರಾಸರಿ 59.
ಮೂರನೇ ಲೈನ್: 62, 58, 56, 61, 58. ಸರಾಸರಿ 59.
ನಾಲ್ಕನೇ ಲೈನ್: 53, 55, 59, 53, 55. ಸರಾಸರಿ 55.

ಅನೋವಾ ಎರಡು ಬಗೆಯ ಏರಿಳಿತಗಳನ್ನು ಅಕ್ಕಪಕ್ಕ ಇಟ್ಟು ತೂಗುತ್ತದೆ. ಮೊದಲನೆಯದು ಒಂದೇ ಲೈನಿನ ಒಳಗಿನ ಏರಿಳಿತ. ಅದೇ ಮಷೀನು, ಅದೇ ಜನ, ಆದರೂ ಒಂದು ದಿನ 57, ಇನ್ನೊಂದು ದಿನ 63. ಇದು ದಿನನಿತ್ಯದ ಏರಿಳಿತ. ಎರಡನೆಯದು ಲೈನು ಲೈನುಗಳ ನಡುವಿನ ಏರಿಳಿತ. ಎರಡನೆಯದು ಮೊದಲನೆಯದಕ್ಕಿಂತ ಸಾಕಷ್ಟು ದೊಡ್ಡದಾಗಿದ್ದರೆ ಮಾತ್ರ ಲೈನುಗಳಲ್ಲಿ ಫರಕು ಇದೆ ಎನ್ನಬಹುದು.

ಮೊದಲ ಲೈನಿನ ಅಂಕಿಗಳು 60ರಿಂದ ಎಷ್ಟು ದೂರ ಇವೆ ನೋಡಿ: −2, 1, −3, 3, 1. ಇವುಗಳ ವರ್ಗಗಳ ಮೊತ್ತ 24. ಉಳಿದ ಮೂರು ಲೈನುಗಳಿಗೂ ಹೀಗೇ ಮಾಡಿದರೆ ಒಂದೊಂದಕ್ಕೂ 24 ಬರುತ್ತದೆ. ಒಟ್ಟು 96. ಇಪ್ಪತ್ತು ಅಂಕಿಗಳಲ್ಲಿ ನಾಲ್ಕು ಸರಾಸರಿಗಳನ್ನು ಕಳೆದರೆ ಡಿಗ್ರಿ ಆಫ್ ಫ್ರೀಡಂ 16. 96 ಭಾಗಿಸು 16, ಅಂದರೆ 6. ಇದು ಒಳಗಿನ ಏರಿಳಿತ. ಇನ್ನು ನಡುವಿನದು. ಎಲ್ಲ ಇಪ್ಪತ್ತು ಅಂಕಿಗಳ ಸರಾಸರಿ 58.25. ನಾಲ್ಕು ಲೈನುಗಳ ಸರಾಸರಿಗಳು ಇದರಿಂದ ಎಷ್ಟು ದೂರ ಎಂದು ನೋಡಿ, ವರ್ಗ ಮಾಡಿ ಕೂಡಿದರೆ 14.75. ಐದು ದಿನಗಳಿಗೆ ಐದರಿಂದ ಗುಣಿಸಿದರೆ 73.75. ಮೂರರಿಂದ ಭಾಗಿಸಿದರೆ 24.58. ಈಗ 24.58 ಅನ್ನು 6ರಿಂದ ಭಾಗಿಸಿದರೆ 4.10. ಇದೇ ಎಫ್. 5% ಮಟ್ಟದಲ್ಲಿ 3 ಮತ್ತು 16ಕ್ಕೆ ಎಫ್ ಟೇಬಲ್‌ನಲ್ಲಿರುವ ಅಂಕಿ 3.24. ನಮ್ಮದು ಅದಕ್ಕಿಂತ ದೊಡ್ಡದು. ಆದ್ದರಿಂದ ನಾಲ್ಕೂ ಲೈನು ಸಮ ಎಂಬ ನಲ್ ಹೈಪಾಥಿಸಿಸನ್ನು ಕೈಬಿಡಬೇಕು.

ಇಲ್ಲಿಗೆ ಬಂದಾಗ, "ಹಾಗಾದರೆ ನಾಲ್ಕನೇ ಲೈನ್ ಹಿಂದೆ ಬಿದ್ದಿದೆ ಎಂದು ಸಾಬೀತಾಯಿತು" ಎಂದೆ. ಆಪಾ ತಲೆ ಆಡಿಸಿದಳು. "ಎಫ್ ಯಾರ ಹೆಸರನ್ನೂ ಹೇಳಿಲ್ಲ. ಎಲ್ಲರೂ ಸಮ ಅಲ್ಲ ಎಂದಷ್ಟೇ ಹೇಳಿದೆ. ಮನೆಯಲ್ಲಿ ಏನೋ ಕಳುವಾಗಿದೆ ಎಂದು ತಿಳಿಯುವುದು ಬೇರೆ, ಯಾರು ಕದ್ದರು ಎನ್ನುವುದು ಬೇರೆ." ಅನೋವಾದ ಆಚೆಗೆ ಇರುವ ಈ ಎರಡನೇ ಹೆಜ್ಜೆಯೇ ನನ್ನ ಲೇಖನದ ಮುಖ್ಯ ವಿಷಯ. ಇದಕ್ಕೆ ಪೋಸ್ಟ್ ಹಾಕ್ ಹೋಲಿಕೆ ಎನ್ನುತ್ತಾರೆ.

ನಾಲ್ಕು ಲೈನುಗಳಿಗೆ ಆರು ಜೋಡಿಗಳು. ಎರಡು ಸರಾಸರಿಗಳ ನಡುವೆ ಎಷ್ಟು ಅಂತರ ಇದ್ದರೆ ಅದನ್ನು ಫರಕು ಎನ್ನಬಹುದು? ಫಿಶರ್ ಹೆಸರಿನ ಹಳೆಯ ವಿಧಾನದಲ್ಲಿ, ಎಫ್ ಪರೀಕ್ಷೆ ಪಾಸಾದ ಮೇಲೆ, ನಮಗೆ ಗೊತ್ತಿರುವ ಟಿ ಟೇಬಲ್‌ನಿಂದಲೇ ಗಡಿ ಹಾಕುತ್ತಾರೆ. ನಮ್ಮ ಲೆಕ್ಕದಲ್ಲಿ 2.12 ಅನ್ನು 1.549ರಿಂದ ಗುಣಿಸಿದರೆ 3.28. ಇದಕ್ಕಿಂತ ಹೆಚ್ಚು ಅಂತರ ಇದ್ದ ಜೋಡಿಗಳು ಮೂರು: ಒಂದು ಮತ್ತು ನಾಲ್ಕು, ಎರಡು ಮತ್ತು ನಾಲ್ಕು, ಮೂರು ಮತ್ತು ನಾಲ್ಕು. ಅಂದರೆ ನಾಲ್ಕನೇ ಲೈನ್ ಎಲ್ಲರಿಗಿಂತಲೂ ಕಡಿಮೆ ಎಂಬ ತೀರ್ಪು.

ಈ ವಿಧಾನದಲ್ಲಿ ಎಫ್ ಪರೀಕ್ಷೆ ಬಾಗಿಲಲ್ಲಿ ನಿಂತ ಕಾವಲುಗಾರನ ಹಾಗೆ. ಗುಂಪು ಮೂರೇ ಇದ್ದರೆ ಆ ಕಾವಲು ಸಾಕು. ನಾಲ್ಕು ಅಥವಾ ಹೆಚ್ಚು ಇದ್ದರೆ ಸಾಲದು. ಏಕೆಂದರೆ ಒಂದೇ ಒಂದು ಗುಂಪು ನಿಜಕ್ಕೂ ಬೇರೆಯಾಗಿದ್ದರೂ ಬಾಗಿಲು ತೆರೆದುಕೊಳ್ಳುತ್ತದೆ. ಆಮೇಲೆ ಉಳಿದ ಜೋಡಿಗಳನ್ನು ತಡೆದು ಕೇಳುವವರೇ ಇಲ್ಲ.

ಇದಕ್ಕೆ ಪರಿಹಾರ ಕೊಟ್ಟವರಲ್ಲಿ ಒಬ್ಬರು ಅಮೆರಿಕದ ಜಾನ್ ಟೂಕಿ. ಕಂಪ್ಯೂಟರ್‌ನಲ್ಲಿ ನಾವು ಹೇಳುವ 'ಬಿಟ್' ಎಂಬ ಪದ ಕೊಟ್ಟವರೂ ಇವರೇ. ಅನೋವಾದಲ್ಲಿ ಒಂದೊಂದು ಸರಾಸರಿಯನ್ನು ಹೋಲಿಸುವ ಬಗ್ಗೆ 1949ರಲ್ಲಿ ಒಂದು ಪ್ರಬಂಧ ಬರೆದರು. 1953ರ ಹೊತ್ತಿಗೆ ಈ ಸಮಸ್ಯೆಯ ಮೇಲೆ ದೊಡ್ಡ ಹಸ್ತಪ್ರತಿಯನ್ನೇ ಸಿದ್ಧಪಡಿಸಿದರು. ಅವರ ಯೋಚನೆ ನಮ್ಮ ಅಮ್ಮಿಯ ಪ್ರಶ್ನೆಗೆ ಬಹಳ ಹತ್ತಿರ. ಗುಂಪುಗಳು ಎಲ್ಲ ಸಮ ಇದ್ದರೂ, ಎಲ್ಲಕ್ಕಿಂತ ಮೇಲಿನದಕ್ಕೂ ಎಲ್ಲಕ್ಕಿಂತ ಕೆಳಗಿನದಕ್ಕೂ ನಡುವೆ ಸ್ವಲ್ಪ ಅಂತರ ಇದ್ದೇ ಇರುತ್ತದೆ. ಗುಂಪುಗಳು ಹೆಚ್ಚಾದಷ್ಟೂ ಆ ಅಂತರ ತಾನಾಗಿಯೇ ಹಿಗ್ಗುತ್ತದೆ. ಹಾಗಾದರೆ ಆಕಸ್ಮಿಕವಾಗಿಯೇ ಈ ಅಂತರ ಎಷ್ಟರವರೆಗೆ ಹೋಗಬಹುದು ಎಂದು ಮೊದಲೇ ಲೆಕ್ಕ ಹಾಕಿ, ಅದನ್ನೇ ಗಡಿ ಮಾಡೋಣ. ಅದನ್ನು ಮೀರಿದವರನ್ನು ಮಾತ್ರ ಬೇರೆ ಎನ್ನೋಣ.

ನಾಲ್ಕು ಗುಂಪು, 16 ಡಿಗ್ರಿ ಆಫ್ ಫ್ರೀಡಂಗೆ ಟೂಕಿ ಬಳಸುವ ಟೇಬಲ್‌ನಲ್ಲಿ 4.05 ಎಂದಿದೆ. 6 ಅನ್ನು 5ರಿಂದ ಭಾಗಿಸಿ ವರ್ಗಮೂಲ ತೆಗೆದರೆ 1.095. ಎರಡನ್ನೂ ಗುಣಿಸಿದರೆ 4.44. ಈಗ ಜೋಡಿಗಳನ್ನು ನೋಡಿ. ಒಂದು ಮತ್ತು ನಾಲ್ಕರ ನಡುವಿನ ಅಂತರ 5, ಗಡಿ ದಾಟಿತು. ಎರಡು ಮತ್ತು ನಾಲ್ಕು, ಮೂರು ಮತ್ತು ನಾಲ್ಕು, ಎರಡರಲ್ಲೂ ಅಂತರ 4, ದಾಟಲಿಲ್ಲ. ಅದೇ ಅಂಕಿಗಳು, ಆದರೆ ತೀರ್ಪು ಬೇರೆ. ಮೂರು ಆರೋಪಗಳಲ್ಲಿ ಒಂದೇ ಉಳಿಯಿತು.

ಇಲ್ಲಿ ನನಗೆ ಒಂದು ಗೊಂದಲ ಎದುರಾಯಿತು. ನಾಲ್ಕನೇ ಲೈನಿಗೂ ಎರಡನೆಯದಕ್ಕೂ ಫರಕಿಲ್ಲ. ಎರಡನೆಯದಕ್ಕೂ ಮೊದಲನೆಯದಕ್ಕೂ ಫರಕಿಲ್ಲ. ಆದರೆ ನಾಲ್ಕಕ್ಕೂ ಒಂದಕ್ಕೂ ಫರಕಿದೆ! ಇದು ಹೇಗೆ? ನಮ್ಮ ಸ್ಟ್ಯಾಟಿಸ್ಟಿಕ್ಸ್ ಮಿಸ್ ಹತ್ತಿರ ಕೇಳಿದೆ. ಅವರು ಹೇಳಿದ್ದು ಹೀಗೆ: "'ಫರಕಿಲ್ಲ' ಎಂದು ಓದಬೇಡ. 'ಫರಕಿದೆ ಎಂದು ಹೇಳಲು ಈ ಐದು ದಿನದ ಸಾಕ್ಷಿ ಸಾಲದು' ಎಂದು ಓದು." ಕೋರ್ಟಿನಲ್ಲಿ ಸಾಕ್ಷಿ ಸಾಲದೆ ಬಿಟ್ಟರೆ ಅದರ ಅರ್ಥ ಏನೂ ನಡೆದೇ ಇಲ್ಲ ಎಂದಲ್ಲ, ಆದರೆ ಶಿಕ್ಷೆ ಕೊಡುವ ಹಾಗಿಲ್ಲ. ಹಾಗೆ ಓದಿದಾಗ ಗೊಂದಲ ಹೋಯಿತು.

ಟೂಕಿಯದು ಒಂದೇ ದಾರಿಯಲ್ಲ. ಯಾವ ಪ್ರಶ್ನೆ ಕೇಳುತ್ತೇವೆ ಎಂಬುದರ ಮೇಲೆ ದಾರಿ ಬೇರೆ. 5% ಅನ್ನೇ ಎಲ್ಲ ಜೋಡಿಗಳಿಗೂ ಹಂಚುವುದು ಬಾನ್‌ಫೆರೋನಿ ಹೆಸರಿನ ವಿಧಾನ. ಆರು ಜೋಡಿಗಳಿದ್ದರೆ ಒಂದೊಂದಕ್ಕೆ 0.83% ಮಾತ್ರ. ಮನೆಗೆ ತಂದ ಒಂದು ಪೊಟ್ಟಣ ಖರ್ಜೂರವನ್ನು ಎಲ್ಲರಿಗೂ ಹಂಚಿದ ಹಾಗೆ, ಜನ ಹೆಚ್ಚಾದರೆ ಪಾಲು ಚಿಕ್ಕದಾಗುತ್ತದೆ. ಒಂದು ಗುಂಪನ್ನು ಮಾದರಿಯಾಗಿ ಇಟ್ಟುಕೊಂಡು ಉಳಿದವನ್ನು ಅದರ ಜೊತೆ ಮಾತ್ರ ಹೋಲಿಸುವುದಿದ್ದರೆ 1955ರಲ್ಲಿ ಬಂದ ಡನೆಟ್ ವಿಧಾನ ಇದೆ. ಜೋಡಿಗಳಷ್ಟೇ ಸಾಲದು, 'ಮೊದಲ ಎರಡರ ಸರಾಸರಿ, ಕೊನೆಯ ಎರಡರ ಸರಾಸರಿ' ಎಂದು ಬೇಕಾದ ಹಾಗೆ ಕೂಡಿಸಿ ಹೋಲಿಸಬೇಕು ಎನ್ನುವವರಿಗೆ 1953ರಲ್ಲಿ ಹೆನ್ರಿ ಶೆಫೆ ಒಂದು ವಿಧಾನ ಕೊಟ್ಟರು. ಅದರ ಗಡಿ ಇನ್ನೂ ಎತ್ತರ, ನಮ್ಮ ಉದಾಹರಣೆಯಲ್ಲಿ 4.83. ಹೆಚ್ಚು ಸ್ವಾತಂತ್ರ್ಯ ಬೇಕೆಂದರೆ ಹೆಚ್ಚು ಬೆಲೆ ಕೊಡಬೇಕು. ಕಾಮರ್ಸ್‌ನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಎಲ್ಲ ವಿಧಾನಗಳಿಗೂ ಒಂದು ನಿಯಮ ಸಮಾನ. ಯಾವುದನ್ನು ಯಾವುದರ ಜೊತೆ ಹೋಲಿಸುತ್ತೇವೆ, ಯಾವ ವಿಧಾನದಿಂದ, ಎಂದು ಅಂಕಿಗಳನ್ನು ನೋಡುವ ಮೊದಲೇ ತೀರ್ಮಾನಿಸಬೇಕು. ಅಂಕಿ ನೋಡಿ, ಕೊನೆಯಲ್ಲಿ ಯಾರಿದ್ದಾರೆ ಎಂದು ತಿಳಿದು, ಆಮೇಲೆ ಅವರನ್ನೇ ಆರಿಸಿ ಪರೀಕ್ಷೆಗೆ ಕೂರಿಸುವುದು ನ್ಯಾಯವಲ್ಲ. ಶನಿವಾರದ ಬೋರ್ಡಿನ ಮುಂದೆ ನಡೆಯುವುದು ಅದೇ.

ನನ್ನ ಉದಾಹರಣೆಯಲ್ಲಿ ನಾಲ್ಕನೇ ಲೈನಿಗೂ ಮೊದಲನೆಯದಕ್ಕೂ ಫರಕು ಇದೆ ಎಂದು ಬಂತಲ್ಲ, ಹಾಗಾದರೆ ಬೈಯಬಹುದೇ? ಈ ಪ್ರಶ್ನೆಗೆ ಉತ್ತರ ಕೊಟ್ಟವರು ಅಮ್ಮಿ. "ಯಾವ ಲೈನಿಗೆ ಯಾವ ಪೀಸ್ ಕೊಟ್ಟಿದ್ದರು?" ಎಂದು ಕೇಳಿದರು. ಸಾದಾ ಟೀ ಶರ್ಟ್ ಹೊಲಿಯುವ ಲೈನಿಗೂ, ನಾಲ್ಕು ಜೇಬಿನ ಪ್ಯಾಂಟ್ ಹೊಲಿಯುವ ಲೈನಿಗೂ ಒಂದೇ ಎಣಿಕೆ ಹೇಗೆ? ಒಂದು ಲೈನಿನಲ್ಲಿ ಮೂರು ಜನ ಹೊಸ ಹುಡುಗಿಯರಿದ್ದರೆ? ಒಂದು ಮಷೀನ್ ಅರ್ಧ ದಿನ ಕೆಟ್ಟು ನಿಂತಿದ್ದರೆ? ಪರೀಕ್ಷೆ ಫರಕು ಇದೆ ಎನ್ನುತ್ತದೆ, ಕಾರಣ ಹೇಳುವುದಿಲ್ಲ. ಫಿಶರ್ ಇದಕ್ಕಾಗಿಯೇ ಯಾವ ತುಂಡು ಹೊಲಕ್ಕೆ ಯಾವ ಗೊಬ್ಬರ ಎಂಬುದನ್ನು ಚೀಟಿ ಎತ್ತಿದ ಹಾಗೆ ಯಾದೃಚ್ಛಿಕವಾಗಿ ಹಂಚಬೇಕು ಎಂದರು. ಒಳ್ಳೆಯ ಮಣ್ಣೆಲ್ಲ ಒಂದೇ ಗೊಬ್ಬರದ ಪಾಲಿಗೆ ಹೋಗಬಾರದಲ್ಲ. ಗಾರ್ಮೆಂಟ್ಸ್‌ನಲ್ಲಿ ಆರ್ಡರ್‌ಗಳನ್ನು ಚೀಟಿ ಎತ್ತಿ ಹಂಚುವುದಿಲ್ಲ.

ಇನ್ನೊಂದು ವಿಷಯ. ಲೈನಿನ ಸರಾಸರಿ ಲೈನಿನದು, ಅದರಲ್ಲಿ ಕುಳಿತ ಒಬ್ಬೊಬ್ಬರದಲ್ಲ. ಮೇಲಿನ ಅಂಕಿಗಳನ್ನೇ ನೋಡಿ. ನಾಲ್ಕನೇ ಲೈನ್ ಒಂದು ದಿನ 59 ಪೀಸ್ ಮಾಡಿದೆ. ಮೊದಲ ಲೈನ್ ಎರಡು ದಿನ ಅದಕ್ಕಿಂತ ಕಡಿಮೆ, 57 ಮತ್ತು 58 ಮಾಡಿದೆ. ಒಂದೇ ಲೈನಿನಲ್ಲೇ ದಿನಕ್ಕೊಂದು ಥರ ಇರುವಾಗ, ಸರಾಸರಿ ನೋಡಿ ಒಬ್ಬ ಮನುಷ್ಯನ ಬಗ್ಗೆ ಮಾತಾಡುವುದು ಹೇಗೆ?

ಮುಂದಿನ ವಾರ ಅಮ್ಮಿ ಬೋರ್ಡಿನ ಅಂಕಿಗಳನ್ನು ದಿನವೂ ಟಿಫನ್ ಚೀಲದಲ್ಲಿದ್ದ ಒಂದು ಚೀಟಿಯ ಮೇಲೆ ಬರೆದುಕೊಂಡು ಬಂದರು. ಸೋಮವಾರದಿಂದ ಶನಿವಾರ, ಆರು ಲೈನು, 36 ಅಂಕಿಗಳು. ಇಶಾ ಆದ ಮೇಲೆ ನಾನು ಮತ್ತು ಆಪಾ ಕುಳಿತು ಅನೋವಾ ಮಾಡಿದೆವು. 5 ಮತ್ತು 30ಕ್ಕೆ ಟೇಬಲ್‌ನ ಎಫ್ 2.53. ನಮ್ಮ ಎಫ್ ಅಲ್ಲಿಯವರೆಗೆ ಬರಲೇ ಇಲ್ಲ. ಆದ್ದರಿಂದ ಜೋಡಿಗಳ ಹೋಲಿಕೆಗೆ ನಾವು ಹೋಗಲೇ ಇಲ್ಲ. ಆರು ದಿನದ ಲೆಕ್ಕ ಚಿಕ್ಕದು, ಅದರಿಂದ ಲೈನುಗಳೆಲ್ಲ ಸಮ ಎಂದು ಸಾಬೀತಾಗುವುದಿಲ್ಲ. ಆದರೆ ಆ ವಾರ ಕೊನೆಗೆ ಬಂದವರನ್ನು ನಿಲ್ಲಿಸಿ ಬೈಯಲು ಆ ಬೋರ್ಡಿನಲ್ಲಿ ಆಧಾರ ಇರಲಿಲ್ಲ. ಆ ವಾರ ಕೊನೆಗೆ ಬಂದದ್ದು ಅಮ್ಮಿಯ ಲೈನ್ ಅಲ್ಲ, ಬೇರೆಯವರದು. ಬೈಗುಳ ಅವರಿಗೆ ಬಿತ್ತು.

ಇನ್ನೊಂದು ಸಣ್ಣ ಲೆಕ್ಕವನ್ನೂ ಅಮ್ಮಿಗೆ ತೋರಿಸಿದೆ. ಆರೂ ಲೈನು ಪೂರ್ತಿ ಸರಿಸಮ ಇದ್ದರೂ, ವರ್ಷದ 52 ವಾರಗಳಲ್ಲಿ ಒಂದೊಂದು ಲೈನಿನ ಪಾಲಿಗೆ ಸುಮಾರು 8 ಅಥವಾ 9 ಸಲ ಕೊನೆಯ ಸ್ಥಾನ ಬರುತ್ತದೆ. ಯಾರೂ ತಪ್ಪು ಮಾಡದೆ ಎಲ್ಲರಿಗೂ ಬೈಗುಳ. ಅಮ್ಮಿ ಆ ಹಾಳೆಯನ್ನು ಸೂಪರ್‌ವೈಸರ್ ಹತ್ತಿರ ತೆಗೆದುಕೊಂಡು ಹೋಗಲಿಲ್ಲ. ಹೋಗುವ ಹಾಗೂ ಇಲ್ಲ, ಕೆಲಸ ಬೇಕು. ಬಸ್ಸಿನಲ್ಲಿ ಆ ಇನ್ನೊಂದು ಲೈನಿನ ಹೆಂಗಸರ ಪಕ್ಕದಲ್ಲಿ ಕುಳಿತು ಹೇಳಿದರಂತೆ, "ಈ ವಾರ ನಿಮ್ಮ ಸರದಿ, ಅಷ್ಟೇ. ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ನನ್ನ ಮಗಳು ಲೆಕ್ಕ ಮಾಡಿದ್ದಾಳೆ."

ಇದನ್ನು ನಮ್ಮ ಕಾಲೇಜಿನ ಪತ್ರಿಕೆಗೆ ಬರೆಯಲು ಕಾರಣ ಇದೆ. ನಾವು ಕಾಮರ್ಸ್ ಓದುವವರು. ನಾಳೆ ನಮ್ಮಲ್ಲೇ ಕೆಲವರು ಆ ಬೋರ್ಡಿನ ಮುಂದೆ ಚಾಕ್ ಹಿಡಿದು ನಿಲ್ಲುತ್ತೇವೆ. ಬ್ಯಾಂಕಿನ ಶಾಖೆಗಳನ್ನು, ಅಂಗಡಿಯ ಸೇಲ್ಸ್‌ಮನ್‌ಗಳನ್ನು, ಮಾಲು ಕೊಡುವವರನ್ನು ಸರಾಸರಿ ನೋಡಿ ಹೋಲಿಸುವ ಕೆಲಸ ನಮಗೆ ಬರುತ್ತದೆ. ಆಗ ಕೊನೆಯಲ್ಲಿರುವವರ ಸಂಬಳ, ಮರ್ಯಾದೆ ನಮ್ಮ ಒಂದು ಸಾಲಿನ ಮೇಲೆ ನಿಂತಿರುತ್ತದೆ.

ಈಗಲೂ ಹೋಲಿಕೆಗಳು ನಡೆಯುತ್ತಲೇ ಇವೆ. ಯಾವ ಸೆಕ್ಷನ್ ಮುಂದೆ, ಯಾವ ಸೆಕ್ಷನ್ ಹಿಂದೆ? ಉರ್ದು ಮೀಡಿಯಂನಿಂದ ಬಂದವರು, ಕನ್ನಡ ಮೀಡಿಯಂನವರು, ಇಂಗ್ಲಿಷ್ ಮೀಡಿಯಂನವರು? ಹುಡುಗರು, ಹುಡುಗಿಯರು? ಏಳನೇ ಕ್ಲಾಸಿನವರೆಗೆ ನಾನು ಉರ್ದು ಶಾಲೆಯಲ್ಲಿ ಓದಿದೆ, ಆಮೇಲೆ ಕನ್ನಡ ಮೀಡಿಯಂಗೆ ಬಂದೆ. 'ಉರ್ದು ಸ್ಕೂಲಿನವರು ಲೆಕ್ಕದಲ್ಲಿ ವೀಕ್' ಎಂಬ ಮಾತನ್ನು ಎಷ್ಟೋ ಕಡೆ ಕೇಳಿದ್ದೇನೆ. ಹೇಳಿದವರು ಎಷ್ಟು ಜನರ ಅಂಕ ನೋಡಿದ್ದರು, ಎಷ್ಟು ಗುಂಪುಗಳನ್ನು ಹೋಲಿಸಿದ್ದರು, ಗುಂಪಿನ ಒಳಗೇ ಎಷ್ಟು ಏರಿಳಿತ ಇತ್ತು ಎಂದು ಯಾರೂ ಹೇಳಲಿಲ್ಲ. ಮೊದಲು ಇಂಥ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗ ವಾದ ಮಾಡುವುದಿಲ್ಲ, ಈ ಮೂರು ಪ್ರಶ್ನೆಗಳನ್ನು ಕೇಳುತ್ತೇನೆ.

ಕೊನೆಯದಾಗಿ ನಮ್ಮ ಉಪನ್ಯಾಸಕರಲ್ಲಿ ಮತ್ತು ಆಫೀಸಿನವರಲ್ಲಿ ಒಂದು ವಿನಂತಿ. ಟೆಸ್ಟ್ ಆದ ಮೇಲೆ ಸೆಕ್ಷನ್‌ವಾರು ಸರಾಸರಿಯನ್ನು ನೋಟಿಸ್ ಬೋರ್ಡಿಗೆ ಹಾಕುವಾಗ, ಪಕ್ಕದಲ್ಲಿ ಇನ್ನೆರಡು ಕಾಲಂ ಹಾಕಬಹುದೇ? ಒಂದರಲ್ಲಿ ಎಷ್ಟು ವಿದ್ಯಾರ್ಥಿಗಳು ಬರೆದರು ಎಂದು, ಇನ್ನೊಂದರಲ್ಲಿ ಮಾನಕ ವಿಚಲನೆ. ಇಷ್ಟಿದ್ದರೆ ಉಳಿದ ಲೆಕ್ಕವನ್ನು ನಾವೇ ಮಾಡಿಕೊಳ್ಳುತ್ತೇವೆ. ಟೂಕಿಯ ಟೇಬಲ್ ನಮ್ಮ ಪಿಯುಸಿ ಪುಸ್ತಕದಲ್ಲಿಲ್ಲ. ಆಪಾಳ ಪುಸ್ತಕದಿಂದ ನಾನು ಒಂದು ಪ್ರತಿ ಬರೆದಿಟ್ಟುಕೊಂಡಿದ್ದೇನೆ. ಬೇಕಾದವರು ಊಟದ ಬಿಡುವಿನಲ್ಲಿ ನನ್ನ ಹತ್ತಿರ ಬನ್ನಿ.